ಕಮ್ಮಿ ದುಡ್ಡಲ್ಲಿ ಖುಷಿಯಾಗಿ ಊಟ: ದೊಡ್ಡ ಸಿಟಿಲಿ ಒಳ್ಳೆ ಹೋಟೆಲ್ ಹುಡುಕೋದು ಹೆಂಗೆ?

ಪ್ರಶ್ನೆ: ಸರ್, ಕೆಲಸ ಸಿಕ್ಕಿ ದೊಡ್ಡ ಸಿಟಿಗೆ ಬಂದು ಕೆಲವು ತಿಂಗಳಾಯ್ತು. ರೂಮಲ್ಲಿ ಅಡುಗೆ ಮಾಡ್ಕೊಳ್ಳೋ ಅನುಕೂಲ ಇಲ್ಲ, ಎರಡು ಹೊತ್ತೂ ಹೊರಗೇ. ರೇಟಿಂಗ್ ನೋಡಿ ಹೋದ್ರೆ ಸಂಬಳದಲ್ಲಿ ದೊಡ್ಡ ಪಾಲು ಅಲ್ಲೇ ಖಾಲಿ, ತಿಂದಿದ್ದು ನೆನಪಲ್ಲೂ ಉಳಿಯಲ್ಲ. ಸಿಕ್ಕ ಕಡೆ ಕಮ್ಮಿ ರೇಟಿಗೆ ತಿಂದ್ರೆ ಹೊಟ್ಟೆ ಕೆಡುತ್ತೇನೋ ಅನ್ನೋ ಭಯ. ಬಿಲ್ಲೂ ಕಮ್ಮಿ ಇರ್ಬೇಕು, ತಿಂದು ಖುಷೀನೂ ಆಗ್ಬೇಕು, ಅಂಥ ಜಾಗ ಹುಡುಕೋಕೆ ಏನಾದ್ರೂ ದಾರಿ ಇದ್ಯಾ ಅಥವಾ ಎಲ್ಲ ಅದೃಷ್ಟಾನಾ? ಫ್ರೆಂಡ್ಸ್ ಬಂದಾಗ ಕೂತು ಮಾತಾಡೋಕೆ ಎಲ್ಲಿಗೆ ಕರ್ಕೊಂಡು ಹೋಗ್ಲಿ ಅನ್ನೋದೂ ಗೊತ್ತಾಗ್ತಿಲ್ಲ.

ಉತ್ತರ: ದಾರಿ ಖಂಡಿತ ಇದೆ, ಕಷ್ಟದ್ದೂ ಅಲ್ಲ. ಹೋಟೆಲ್‌ಗಳ ಖರ್ಚು ಲಾಭದ ಲೆಕ್ಕ ನೋಡೋದೇ ನನ್ನ ಕೆಲಸ, ಹಂಗಾಗಿ ಊಟಕ್ಕೆ ಅಂತ ಎಲ್ಲೇ ಹೋದ್ರೂ ನನ್ನ ಕಣ್ಣು ಮೊದ್ಲು ಹೋಗೋದು ಈ ಜಾಗ ಹೆಂಗೆ ನಡೀತಿದೆ, ಗಿರಾಕಿ ಕೊಟ್ಟ ನೂರರಲ್ಲಿ ತಟ್ಟೆಗೆ ಎಷ್ಟು ಬಂತು, ಬೇರೆ ಕಡೆ ಎಷ್ಟು ಹೋಯ್ತು ಅನ್ನೋದರ ಮೇಲೆ. ನಿಮ್ಮ ಪ್ರಶ್ನೆಗೆ ಉತ್ತರಾನೂ ಅಲ್ಲೇ ಇದೆ. ಬರೀ ರೇಟ್ ಕಮ್ಮಿ ಇರೋ ಹೋಟೆಲ್ ಹುಡುಕ್ತಾ ಹೋದ್ರೆ ಕೆಟ್ಟ ಊಟಾನೂ ಸಿಗುತ್ತೆ ಒಳ್ಳೆ ಊಟಾನೂ ಸಿಗುತ್ತೆ, ನಿಮ್ಮ ದುಡ್ಡಲ್ಲಿ ಹೆಚ್ಚು ಪಾಲು ತಟ್ಟೆಗೆ ಹಾಕೋ ಹೋಟೆಲ್ ಹುಡುಕಿದ್ರೆ ರೇಟೂ ರುಚೀನೂ ಎರಡೂ ಒಟ್ಟಿಗೆ ಸಿಗೋ ಸಾಧ್ಯತೆ ತುಂಬಾ ಜಾಸ್ತಿ.

ಸ್ವಲ್ಪ ಲೆಕ್ಕ ಹೇಳ್ತೀನಿ, ಬೋರ್ ಅನ್ಸಿದ್ರೂ ಓದಿ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿರೋದು. ಕೂತು ತಿನ್ನೋ ಮಾಮೂಲಿ ರೆಸ್ಟೋರೆಂಟಲ್ಲಿ ನೀವು 100 ಕೊಟ್ರೆ ಅಡುಗೆ ಸಾಮಾನಿಗೆ ಹೋಗೋದು ಹೆಚ್ಚುಕಮ್ಮಿ 28ರಿಂದ 35. ಇನ್ನೊಂದು 30ರ ಆಸುಪಾಸು ಕೆಲಸದವರ ಸಂಬಳ. ಈ ಎರಡೂ ಸೇರಿ 60, 65 ದಾಟಬಾರ್ದು ಅನ್ನೋದು ಈ ಲೈನಲ್ಲಿ ಇರೋರು ಸಾಮಾನ್ಯವಾಗಿ ಇಟ್ಕೊಳ್ಳೋ ಲೆಕ್ಕ. ಬಾಡಿಗೆ 6ರಿಂದ 10ರೊಳಗೆ ಇದ್ರೆ ಪರವಾಗಿಲ್ಲ, ಮೇಲಕ್ಕೆ ಹೋದಷ್ಟೂ ಮಾಲೀಕರಿಗೆ ತಲೆನೋವು. ಆಮೇಲೆ ಗ್ಯಾಸು, ಕರೆಂಟು, ನೀರು, ತೆರಿಗೆ, ಒಡೆದ ಪಾತ್ರೆ, ಕೆಟ್ಟ ಫ್ರಿಡ್ಜು, ಜಾಹೀರಾತು ಎಲ್ಲ ಕಳೆದು ಕೈಯಲ್ಲಿ ಉಳಿಯೋದು ಎಷ್ಟೋ ಕಡೆ ಬರೀ 3ರಿಂದ 5. ಹೊರಗಡೆಯಿಂದ ನೋಡಿದೋರು ಹೋಟೆಲ್‌ನೋರು ದುಡ್ಡು ಬಾಚ್ತಾರೆ ಅಂದ್ಕೋತಾರೆ, ಆದ್ರೆ ಇಷ್ಟು ಸಣ್ಣ ಲಾಭದಲ್ಲಿ ನಡೆಯೋ ವ್ಯಾಪಾರದಲ್ಲಿ ಬಾಡಿಗೆ ಒಂದು ಸಲ ಜಿಗಿದ್ರೆ ಸಾಕು, ಅವರಿಗೆ ಇರೋದು ಎರಡೇ ದಾರಿ: ಒಂದು ರೇಟ್ ಏರಿಸ್ಬೇಕು, ಇಲ್ಲ ತಟ್ಟೆಯಲ್ಲಿ ಕಮ್ಮಿ ಮಾಡ್ಬೇಕು. ತಟ್ಟೆಯಲ್ಲಿ ಕಮ್ಮಿ ಮಾಡೋದು ಅಂದ್ರೆ ಅಳತೆ ಒಂದೇ ಅಲ್ಲ, ಎಣ್ಣೆ ಕಮ್ಮಿ ಗ್ರೇಡಿಗೆ ಇಳಿಯುತ್ತೆ, ತಾಜಾ ತರಕಾರಿ ಜಾಗಕ್ಕೆ ಫ್ರೋಜನ್ ಬರುತ್ತೆ, ಪಳಗಿದ ಅಡುಗೆಯವರು ಹೋಗಿ ಹೊಸಬರು ಬರ್ತಾರೆ. ನೀವು ರೇಟಿಂಗ್ ನೋಡಿ ಹೋಗಿ ದುಬಾರಿ ತಿಂದು ನೆನಪೂ ಉಳಿಯದೆ ಬಂದ್ರಲ್ಲ, ಅಲ್ಲಿ ನಿಮ್ಮ ದುಡ್ಡಿನ ದೊಡ್ಡ ಭಾಗ ಆ ರಸ್ತೆಗೆ, ಆ ಲೈಟಿಂಗಿಗೆ, ಆ ಸೋಫಾಗೆ ಹೋಗಿರುತ್ತೆ.

ಹಂಗಾದ್ರೆ ಎಲ್ಲಿ ಹುಡುಕ್ಬೇಕು? ಮೇನ್ ರೋಡ್ ಬಿಡಿ, ಆದ್ರೆ ಅದರ ಹತ್ರಾನೇ ಇರಿ. ಇದು ನನ್ನ ಮೊದಲ್ನೇ ಸಲಹೆ. ಜನ ಓಡಾಡೋ ದೊಡ್ಡ ರಸ್ತೆಯಿಂದ ಒಂದೋ ಎರಡೋ ತಿರುವು ಒಳಗೆ ಹೋದ್ರೆ ಬಾಡಿಗೆ ಸಟ್ಟಂತ ಇಳಿಯುತ್ತೆ, ಆದ್ರೆ ಮೇನ್ ರೋಡಲ್ಲಿ ಕೆಲಸ ಮಾಡೋ ಜನ ನಡ್ಕೊಂಡು ಬರೋಷ್ಟು ದೂರದಲ್ಲೇ ಇರುತ್ತೆ. ಹಳೇ ಬಿಲ್ಡಿಂಗ್ ಒಳ್ಳೇದು, ನೆಲಮಾಳಿಗೆ ಒಳ್ಳೇದು, ಮೆಟ್ಟಿಲು ಹತ್ತಿ ಹೋಗೋ ಮೊದಲ್ನೇ ಮಹಡಿ ಒಳ್ಳೇದು, ಯಾಕಂದ್ರೆ ರಸ್ತೆ ಮಟ್ಟದಲ್ಲಿ ಗಾಜಿನ ಬಾಗಿಲು ಇರೋ ಅಂಗಡಿಗೇ ಹೆಚ್ಚು ಬಾಡಿಗೆ. ಸ್ವಂತ ಕಟ್ಟಡದಲ್ಲಿ ನಡೆಸೋರು ಸಿಕ್ರಂತೂ ಇನ್ನೂ ಒಳ್ಳೇದು, ಬಾಡಿಗೆ ಅನ್ನೋ ಪಾಲೇ ಅಲ್ಲಿ ಇರಲ್ಲ. ಎಷ್ಟೋ ಹಳೇ ಹೋಟೆಲ್ ಅಷ್ಟು ಕಮ್ಮಿ ರೇಟಲ್ಲಿ ಹೆಂಗಪ್ಪ ನಡೀತಿದೆ ಅಂತ ಆಶ್ಚರ್ಯ ಆಗುತ್ತಲ್ಲ, ಬಹಳಷ್ಟು ಸಲ ಕಾರಣ ಇಷ್ಟೇ.

ಇನ್ನೊಂದು, ಗಿರಾಕಿ ಯಾರು ಅಂತ ನೋಡಿ. ರೈಲ್ವೆ ಸ್ಟೇಷನ್ ಎದುರು, ಟೂರಿಸ್ಟ್ ಜಾಗದ ಗೇಟ್ ಹತ್ರ ಇರೋ ಹೋಟೆಲಿಗೆ ಬರೋ ಗಿರಾಕಿ ಮತ್ತೆ ಬರಲ್ಲ, ಅದು ಅವರಿಗೂ ಗೊತ್ತು. ಇವತ್ತು ಬೇಜಾರು ಮಾಡ್ಕೊಂಡು ಹೋದ್ರೂ ನಾಳೆ ಬೇರೆಯವರು ಬಂದೇ ಬರ್ತಾರೆ. ಅದೇ ಆಫೀಸು, ಆಸ್ಪತ್ರೆ, ಕಾಲೇಜು, ಕೋರ್ಟು, ಹೋಲ್‌ಸೇಲ್ ಮಾರ್ಕೆಟ್ ಪಕ್ಕದ ಹೋಟೆಲಿಗೆ ಸೋಮವಾರ ಬಂದೋರೇ ಮಂಗಳವಾರಾನೂ ಬರ್ಬೇಕು, ಎರಡು ದಿನ ಊಟ ಕೆಟ್ರೆ ಒಂದಿಡೀ ಆಫೀಸೇ ಪಕ್ಕದ ಹೋಟೆಲಿಗೆ ಹೋಗ್ಬಿಡುತ್ತೆ. ಆ ಹೆದರಿಕೆ ಇದೆಯಲ್ಲ, ಅದು ಯಾವ ರೇಟಿಂಗಿಗಿಂತ ಗಟ್ಟಿ ಗ್ಯಾರಂಟಿ. ಆಸ್ಪತ್ರೆ ಸುತ್ತಮುತ್ತ ನನಗೆ ವಿಶೇಷವಾಗಿ ಇಷ್ಟ, ಅಲ್ಲಿ ನೈಟ್ ಡ್ಯೂಟಿ ಮುಗಿಸಿದೋರು, ರೋಗಿ ಜೊತೆ ಬಂದಿರೋ ಮನೆಯವರು ಎಲ್ಲ ಸಾದಾ ಊಟ ಕೇಳ್ತಾರೆ, ಖಾರ ಎಣ್ಣೆ ಅಬ್ಬರ ಇಲ್ಲದ ಊಟ ದಿನಾ ಬೇಕಾದೋರಿಗೆ ಅಂಥ ಕಡೆ ಹೊಂದುತ್ತೆ. ಹೋಲ್‌ಸೇಲ್ ಮಾರ್ಕೆಟ್ ಹತ್ರ ಆದ್ರೆ ಬೆಳಿಗ್ಗೆ ಬೇಗ ಹೋಗ್ಬೇಕು, ಅಲ್ಲಿಯೋರು ನಸುಕಲ್ಲೇ ಕೆಲಸ ಶುರು ಮಾಡೋರು, ಮಧ್ಯಾಹ್ನದ ಹೊತ್ತಿಗೆ ಒಳ್ಳೆ ಐಟಮ್ ಎಲ್ಲ ಮುಗಿದಿರುತ್ತೆ. ಕಾಲೇಜು, ಸರ್ಕಾರಿ ಆಫೀಸಿನ ಕ್ಯಾಂಟೀನು ಹೊರಗಿನೋರಿಗೂ ಬಿಡ್ತಾರಾ ಅಂತ ಗೇಟಲ್ಲಿ ಒಂದು ಮಾತು ಕೇಳಿ, ಕೆಲವು ಕಡೆ ಬಿಡ್ತಾರೆ.

ಒಂದೇ ರಸ್ತೆಯಲ್ಲಿ ಒಂದೇ ಥರದ ನಾಲ್ಕೈದು ಹೋಟೆಲ್ ಸಾಲಾಗಿ ಇದ್ರೆ ಅದನ್ನ ಬಿಡ್ಬೇಡಿ. ಒಂದೇ ಥರದ ಅಂಗಡಿಗಳು ಯಾಕೆ ಪಕ್ಕಪಕ್ಕದಲ್ಲೇ ಬರ್ತವೆ ಅನ್ನೋದರ ಬಗ್ಗೆ ಹೆರಾಲ್ಡ್ ಹೊಟೆಲ್ಲಿಂಗ್ ಅನ್ನೋ ಅರ್ಥಶಾಸ್ತ್ರಜ್ಞರು 1929ರಲ್ಲೇ ಬರೆದಿದ್ರು. ತಿನ್ನೋರಿಗೆ ಇದರಲ್ಲಿ ಲಾಭ ಇದೆ, ಪಕ್ಕದಲ್ಲೇ ಹೋಲಿಸಿ ನೋಡೋಕೆ ಇನ್ನೊಬ್ಬರು ಇರೋದ್ರಿಂದ ರೇಟ್ ಏರಿಸೋಕೂ ಆಗಲ್ಲ, ಕೈ ಬಿಗಿ ಮಾಡೋಕೂ ಆಗಲ್ಲ. ಬೇರೆ ಬೇರೆ ಕಡೆಯಿಂದ ಬಂದು ನೆಲೆಸಿದ ಜನ ಒಂದೇ ಏರಿಯಾದಲ್ಲಿ ಜಾಸ್ತಿ ಇದ್ರೆ ಅವರ ಊರಿನ ಅಡುಗೆ ಮಾಡೋ ಹೋಟೆಲ್‌ಗಳೂ ಅಲ್ಲೇ ಗುಂಪಾಗಿ ಇರ್ತವೆ, ಆ ರುಚಿ ಗೊತ್ತಿರೋರೇ ಗಿರಾಕಿಗಳು, ಅವರ ಮುಂದೆ ಹೆಂಗೆಂಗೋ ಮಾಡಿ ಹಾಕೋಕೆ ಆಗಲ್ಲ. ದೊಡ್ಡ ಸಿಟಿಲಿ ಇರೋದರ ನಿಜವಾದ ಸುಖ ಇದೇ, ಊರು ಬಿಟ್ಟು ಹೋಗದೆ ನಾಲ್ಕು ಊರಿನ ಊಟ ಮಾಡ್ಬಹುದು, ಅದೂ ಪೇಟೆ ಮಧ್ಯದ ರೇಟಿಗಿಂತ ಕಮ್ಮಿಗೆ.

ಈಗ ಟೈಮಿನ ವಿಷಯ. ಒಂದೇ ಅಡುಗೆಮನೆ, ಅದೇ ಅಡುಗೆಯವರು, ಅದೇ ಕುರ್ಚಿ, ಆದ್ರೆ ಮಧ್ಯಾಹ್ನ ಮತ್ತು ರಾತ್ರಿ ರೇಟಲ್ಲಿ ವ್ಯತ್ಯಾಸ ಇರೋ ಜಾಗ ಬೇಕಾದಷ್ಟಿದೆ. ಬಾಡಿಗೆ ದಿನಪೂರ್ತಿದು ಕಟ್ಟಿ ಆಗಿದೆ, ಕೆಲಸದವರು ಹೆಂಗಿದ್ರೂ ಬಂದಿದಾರೆ, ಮಧ್ಯಾಹ್ನ ಖಾಲಿ ಕುರ್ಚಿ ಇಟ್ಕೊಳ್ಳೋದಕ್ಕಿಂತ ಕಮ್ಮಿ ಲಾಭಕ್ಕೆ ಆದ್ರೂ ತುಂಬಿಸೋಣ ಅಂತ ಸೆಟ್ ಊಟ ಇಡ್ತಾರೆ. ಸೆಟ್ ಊಟದಲ್ಲಿ ಐಟಮ್ ಮೊದ್ಲೇ ಫಿಕ್ಸ್, ಎಷ್ಟು ಜನ ಬರ್ತಾರೆ ಅನ್ನೋ ಅಂದಾಜಿದೆ, ವೇಸ್ಟ್ ಕಮ್ಮಿ, ಒಂದೇ ಕೈಯಲ್ಲಿ ಬೇಗ ಬಡಿಸಿ ಆಗುತ್ತೆ, ಹಂಗಾಗಿ ಆ ರೇಟು ಅವರಿಗೂ ಗಿಟ್ಟುತ್ತೆ. ಸಂಬಳ ಬಂದ್ಮೇಲೆ ಒಂದು ದೊಡ್ಡ ಜಾಗದಲ್ಲಿ ತಿನ್ಬೇಕು ಅಂತ ಆಸೆ ಇದ್ರೆ ಶನಿವಾರ ರಾತ್ರಿ ಹೋಗ್ಬೇಡಿ, ವಾರದ ದಿನ ಮಧ್ಯಾಹ್ನ ಹೋಗಿ. ಅಡುಗೆಯವರ ಕೈನೂ ಆವಾಗ ನಿಧಾನವಾಗಿರುತ್ತೆ, ನೂರು ಆರ್ಡರ್ ಒಟ್ಟಿಗೆ ಬಿದ್ದಿರಲ್ಲ.

ಜಾಗ ಸಿಕ್ತು ಅನ್ಕೊಳ್ಳಿ, ಒಳಗೆ ಹೋಗೋ ಮುಂಚೆ ಒಂದೆರಡು ನಿಮಿಷ ಬಾಗಿಲಲ್ಲಿ ನಿಂತ್ಕೊಂಡು ನೋಡಿ. ಎಲ್ಲರೂ ನೋಡೋದು ಬಡಿಸಿದ ತಟ್ಟೆ, ಘಮಘಮ ಅಂತ ಹೋಗ್ತಿರೋದು. ನಾನು ನೋಡೋದು ವಾಪಸ್ ಹೋಗ್ತಿರೋ ತಟ್ಟೆ. ಟೇಬಲ್ ಒರೆಸೋ ಹುಡುಗ ಎತ್ಕೊಂಡು ಹೋಗಿ ಮೂಲೆಯ ಟಬ್ಬಿಗೆ ಹಾಕ್ತಾನಲ್ಲ, ಅಲ್ಲಿ ಕಣ್ಣಿಡಿ. ತಟ್ಟೆ ಖಾಲಿ, ಬೆರಳಲ್ಲಿ ಬಳಿದು ತಿಂದ ಗೆರೆ ಕಾಣ್ತಿದೆ ಅಂದ್ರೆ ಅಲ್ಲಿ ಏನೋ ಸರಿಯಾಗಿ ನಡೀತಿದೆ. ಎಲ್ಲ ತಟ್ಟೆಯಲ್ಲೂ ಒಂದೇ ಐಟಮ್ ಅರ್ಧ ಉಳಿದು ಹೋಗ್ತಿದೆ ಅಂದ್ರೆ ಅದನ್ನ ಆರ್ಡರ್ ಮಾಡ್ಬೇಡಿ ಅಂತ ಇಪ್ಪತ್ತು ಜನ ನಿಮಗೆ ಬಿಟ್ಟಿಯಾಗಿ ಹೇಳಿದಂಗಾಯ್ತು. ಅರ್ಧಕ್ಕರ್ಧ ತಟ್ಟೆ ಹಂಗೇ ವಾಪಸ್ ಹೋಗ್ತಿದ್ರೆ ನೀವೂ ಮುಂದಕ್ಕೆ ಹೋಗಿ. ಒಂದು ಹೋಟೆಲಿನ ಲೆಕ್ಕ ಎಲ್ಲಿ ಸೋರ್ತಿದೆ ಅಂತ ಹುಡುಕೋಕೆ ಹೋದಾಗ್ಲೂ ನಾನು ಗಲ್ಲಾಪೆಟ್ಟಿಗೆ ಹತ್ರ ಹೋಗೋ ಮುಂಚೆ ಆ ಟಬ್ಬೇ ನೋಡೋದು, ಅದು ಸುಳ್ಳು ಹೇಳಲ್ಲ.

ಆಮೇಲೆ ಅಡುಗೆ ಹೊರಗೆ ಬರೋ ಕಿಟಕಿ ಕಡೆ ನೋಡಿ. ರಶ್ ಟೈಮಲ್ಲಿ ಒಳ್ಳೆ ಹೋಟೆಲಲ್ಲಿ ಪಾತ್ರೆ ದೊಡ್ಡದಿರಲ್ಲ, ಮಧ್ಯಮ ಪಾತ್ರೆ ಮತ್ತೆ ಮತ್ತೆ ಒಳಗಿಂದ ಬರ್ತಾ ಇರುತ್ತೆ, ಖಾಲಿ ಆಗುತ್ತೆ, ಹೊಸದು ಬರುತ್ತೆ, ಮುಚ್ಚಳ ತೆಗೆದ್ರೆ ಹಬೆ ಮೇಲಕ್ಕೆ ಏಳುತ್ತೆ. ಬೆಳಿಗ್ಗೆ ಒಂದೇ ಸಲ ಹಂಡೆಗಟ್ಟಲೆ ಮಾಡಿ ಇಟ್ಟು ಸಂಜೆವರೆಗೂ ಅದನ್ನೇ ಬಿಸಿ ಮಾಡಿ ಕೊಡೋ ಕಡೆ ಸೌಟು ತಳದಿಂದ ಕೆರೆದು ತರ್ತಾರೆ, ಅಂಚಲ್ಲಿ ಒಣಗಿದ ಕೆನೆ ಕಟ್ಟಿರುತ್ತೆ, ದೂರದಿಂದ್ಲೇ ಕಾಣುತ್ತೆ. ಕ್ಯೂ ಇದೆ ಅಂತ ಹೆದರ್ಬೇಡಿ, ಕ್ಯೂ ಮುಂದಕ್ಕೆ ಸರೀತಿದ್ಯಾ ಅಂತ ಮಾತ್ರ ನೋಡಿ. ಬೇಗ ಸರಿಯೋ ಕ್ಯೂ ಅಂದ್ರೆ ಒಂದೇ ಕುರ್ಚಿಯಲ್ಲಿ ಗಂಟೆಗೆ ಮೂರ್ನಾಲ್ಕು ಜನ ಕೂರ್ತಿದಾರೆ ಅಂತ, ಅಲ್ಲಿ ಒಬ್ಬೊಬ್ಬರ ಮೇಲೆ ಕಮ್ಮಿ ಲಾಭ ಇಟ್ಟೂ ಬಾಡಿಗೆ ಕಟ್ಬಹುದು. ಕಮ್ಮಿ ರೇಟಿನ ಹಿಂದಿರೋ ಯಂತ್ರ ಇದೇ. ಹಂಗಾಗಿ ಅಂಥ ಕಡೆ ತಿಂದಾದ್ಮೇಲೆ ಮೊಬೈಲ್ ನೋಡ್ಕೊಂಡು ಕೂರೋದು ಸರಿ ಅಲ್ಲ, ಹಿಂದೆ ನಿಂತೋರಿಗೂ ಕಷ್ಟ, ಹೋಟೆಲ್‌ನೋರಿಗೂ ನಷ್ಟ.

ಮೆನು ಕಾರ್ಡ್ ಎಷ್ಟು ಉದ್ದ ಇದೆ ನೋಡಿ. ಸಣ್ಣ ಹೋಟೆಲ್, ಒಳಗೆ ಇಬ್ರೋ ಮೂವರೋ ಅಡುಗೆಯವರು, ಮೆನುವಲ್ಲಿ ಮಾತ್ರ ನೂರೈವತ್ತು ಐಟಮ್ ಅಂದ್ರೆ ಅಷ್ಟೂ ತಾಜಾ ಇರೋಕೆ ಸಾಧ್ಯವೇ ಇಲ್ಲ, ಎರಡು ಮೂರು ಗ್ರೇವಿ ಮಾಡಿ ಫ್ರಿಡ್ಜಲ್ಲಿ ಇಟ್ಟು ಹೆಸರು ಬದಲಾಯಿಸಿ ಕೊಡ್ತಿರ್ತಾರೆ, ಅಪರೂಪಕ್ಕೆ ಆರ್ಡರ್ ಆಗೋ ಐಟಮಿನ ಸಾಮಾನು ಎಷ್ಟು ದಿನದ್ದೋ. ಹತ್ತು ಐಟಮ್ ಇದ್ದು ಅದರಲ್ಲಿ ಎರಡು ಮುಗಿದೋಗಿದೆ ಅಂತ ಹೇಳೋ ಹೋಟೆಲ್ ಮೇಲೆ ನನಗೆ ನಂಬಿಕೆ. ಇನ್ನೊಂದು ವಿಷಯ ಗೊತ್ತಿರ್ಲಿ, ಸ್ವಲ್ಪ ದೊಡ್ಡ ರೆಸ್ಟೋರೆಂಟುಗಳಲ್ಲಿ ಮೆನು ಸುಮ್ನೆ ಬರ್ದಿರಲ್ಲ. ಮೈಕಲ್ ಕಸವಾನ, ಡೊನಾಲ್ಡ್ ಸ್ಮಿತ್ ಅನ್ನೋ ಇಬ್ಬರು 1982ರಲ್ಲಿ ಮೆನು ಎಂಜಿನಿಯರಿಂಗ್ ಅಂತ ಒಂದು ಲೆಕ್ಕ ಕೊಟ್ರು, ಯಾವ ಐಟಮ್ ಜಾಸ್ತಿ ಹೋಗುತ್ತೆ, ಯಾವುದರಲ್ಲಿ ಜಾಸ್ತಿ ಉಳಿಯುತ್ತೆ ಅಂತ ನಾಲ್ಕು ಗುಂಪು ಮಾಡೋದು. ಜಾಸ್ತಿ ಹೋಗೋದೂ ಜಾಸ್ತಿ ಉಳಿಯೋದೂ ಆದ್ರೆ ಅದಕ್ಕೆ ಬಾಕ್ಸ್ ಹಾಕಿ ಫೋಟೋ ಹಾಕಿ ಕಣ್ಣಿಗೆ ಬೀಳೋ ಜಾಗದಲ್ಲಿ ಇಡ್ತಾರೆ. ಜಾಸ್ತಿ ಹೋಗುತ್ತೆ ಆದ್ರೆ ಕಮ್ಮಿ ಉಳಿಯುತ್ತೆ ಅನ್ನೋದು ಎರಡನೇ ಗುಂಪು, ನಮಗೆ ಬೇಕಾಗಿರೋದು ಅದೇ. ದಿನಾ ಬರೋರು ಕೇಳ್ತಾರೆ ಅಂತ ತೆಗೆಯೋಕೂ ಆಗಲ್ಲ, ರೇಟ್ ಏರಿಸೋಕೂ ಆಗಲ್ಲ, ಹಂಗಾಗಿ ಮೆನುವಲ್ಲಿ ಯಾವುದೋ ಮೂಲೆಯಲ್ಲಿ ಸದ್ದಿಲ್ಲದೆ ಕೂತಿರುತ್ತೆ. ಪಕ್ಕದ ಟೇಬಲಲ್ಲಿ ಮೆನು ನೋಡದೆ ಆರ್ಡರ್ ಮಾಡ್ತಾರಲ್ಲ, ಅವರು ಹೇಳೋದು ಬಹುಪಾಲು ಅದನ್ನೇ. ನೀವೂ ಸಪ್ಲೈಯರ್ ಹತ್ರ ಸ್ಪೆಷಲ್ ಏನಿದೆ ಅಂತ ಕೇಳ್ಬೇಡಿ, ದಿನಾ ಬರೋರು ಏನು ತಗೋತಾರೆ ಅಂತ ಕೇಳಿ, ಉತ್ತರವೇ ಬೇರೆ ಬರುತ್ತೆ.

ಬಿಲ್ಲಲ್ಲಿ ಗೊತ್ತಿಲ್ಲದಂಗೆ ಏರೋದು ಕುಡಿಯೋ ಐಟಮು. ಜ್ಯೂಸು ಸೋಡಾ ಇಂಥದ್ರಲ್ಲೆಲ್ಲ ಸಾಮಾನಿನ ಖರ್ಚಿಗೂ ರೇಟಿಗೂ ಅಂತರ ಊಟಕ್ಕಿಂತ ತುಂಬಾ ಜಾಸ್ತಿ, ಅದಕ್ಕೇ ಕೂತ ತಕ್ಷಣ ಕುಡಿಯೋಕೆ ಏನು ಅಂತ ಕೇಳೋದು. ದಿನಾ ಹೊರಗೆ ತಿನ್ನೋರು ಇದೊಂದನ್ನ ಬಿಟ್ರೆ ತಿಂಗಳ ಕೊನೆಗೆ ಫರಕ್ ಕಾಣುತ್ತೆ. ಹಂಗೇ ರೇಟ್ ಮುಂದೆ ಕರೆನ್ಸಿ ಗುರುತೇ ಇಲ್ಲದೆ ಬರೀ ನಂಬರ್ ಹಾಕಿರೋ ಮೆನು ನೋಡಿರ್ತೀರಿ. ಕಾರ್ನೆಲ್ ಯೂನಿವರ್ಸಿಟಿಯವರು 2009ರಲ್ಲಿ ಒಂದು ರೆಸ್ಟೋರೆಂಟಲ್ಲಿ ಪರೀಕ್ಷೆ ಮಾಡಿದಾಗ ಡಾಲರ್ ಗುರುತು ಇಲ್ಲದ ಮೆನು ಹಿಡಿದೋರು ಹೆಚ್ಚು ಖರ್ಚು ಮಾಡಿದ್ರು. ಆರ್ಡರ್ ಮಾಡೋ ಮುಂಚೆ ಮನಸಲ್ಲೇ ಒಂದು ಸಲ ಕೂಡಿಸ್ಕೊಳ್ಳಿ, ಸಾಕು.

ರೇಟಿಂಗ್ ಬಗ್ಗೆ ಕೇಳಿದ್ರಿ. ರೇಟಿಂಗ್ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ಆದ್ರೆ ಅದರ ಹಿಂದೆ ಎಷ್ಟು ದುಡ್ಡಿದೆ ಅಂತ ತಿಳ್ಕೊಂಡು ನೋಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕಲ್ ಲೂಕಾ 2011ರಲ್ಲಿ ತೋರಿಸಿದ್ದು, ಜನ ಹೋಟೆಲ್‌ಗಳಿಗೆ ಸ್ಟಾರ್ ಕೊಟ್ಟು ರಿವ್ಯೂ ಬರೆಯೋ ಯೆಲ್ಪ್ ಅನ್ನೋ ಅಮೆರಿಕದ ಆಪಲ್ಲಿ ಒಂದು ಸ್ಟಾರ್ ಜಾಸ್ತಿ ಆದ್ರೆ ಸ್ವಂತವಾಗಿ ನಡೆಸೋ ರೆಸ್ಟೋರೆಂಟಿನ ಆದಾಯ ಶೇಕಡ 5ರಿಂದ 9ರಷ್ಟು ಏರುತ್ತೆ ಅಂತ, ಚೈನ್ ಹೋಟೆಲಿಗೆ ಆ ಪರಿಣಾಮ ಕಾಣ್ಲಿಲ್ಲ. ಮೇಲೆ ಹೇಳಿದ್ನಲ್ಲ, ಉಳಿಯೋದೇ 3ರಿಂದ 5 ಇರೋ ವ್ಯಾಪಾರದಲ್ಲಿ ಒಂದು ಸ್ಟಾರಿಗೆ ಇಷ್ಟು ಬೆಲೆ ಇದ್ರೆ ಸುಳ್ಳು ರಿವ್ಯೂ ಬರೆಸೋ ಆಸೆ ಬರದೆ ಇರುತ್ತಾ? ಅವರೇ ಜಾರ್ಜಿಯೋಸ್ ಜೆರ್ವಾಸ್ ಜೊತೆ ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಟನ್ ರೆಸ್ಟೋರೆಂಟುಗಳ ರಿವ್ಯೂಗಳಲ್ಲಿ ಸುಮಾರು ಶೇಕಡ 16ರಷ್ಟನ್ನ ಅನುಮಾನ ಅಂತ ಆ ಆಪೇ ಸೋಸಿ ಪಕ್ಕಕ್ಕಿಟ್ಟಿತ್ತು. ಹೆಸರು ಇನ್ನೂ ಗಟ್ಟಿಯಾಗದ, ರಿವ್ಯೂ ಕಮ್ಮಿ ಇರೋ ಹೋಟೆಲ್‌ಗಳೇ ಈ ಥರ ಮಾಡೋ ಸಾಧ್ಯತೆ ಜಾಸ್ತಿ ಅನ್ನೋದೂ ಅದ್ರಲ್ಲಿ ಕಂಡಿದ್ದು. ಅಂದ್ರೆ ಮೂವತ್ತು ರಿವ್ಯೂ ಇದ್ದು 4.9 ಇರೋ ಹೊಸ ಜಾಗಕ್ಕಿಂತ ಎರಡು ಸಾವಿರ ರಿವ್ಯೂ ಇದ್ದು 4.2 ಇರೋ ಹಳೇ ಜಾಗ ನನ್ನ ಲೆಕ್ಕದಲ್ಲಿ ಮೇಲು.

ರಿವ್ಯೂ ಓದೋದಾದ್ರೆ ಸ್ಟಾರ್ ಬಿಡಿ, ಹೊಸದು ಮೊದಲು ಅಂತ ಸಾರ್ಟ್ ಮಾಡಿ, ಕಳೆದ ಎರಡು ಮೂರು ತಿಂಗಳದ್ದು ಮಾತ್ರ ನೋಡಿ, ಯಾಕಂದ್ರೆ ಅಡುಗೆಯವರು ಬದಲಾದ್ರೆ ಹೋಟೆಲೇ ಬದಲಾದಂಗೆ, ಮೂರು ವರ್ಷ ಹಿಂದಿನ ಹೊಗಳಿಕೆ ಬೇರೆಯವರ ಕೈ ಅಡುಗೆದು. ಮೂರು ಸ್ಟಾರ್ ಕೊಟ್ಟೋರು ಬರೆದಿದ್ದು ನಿಧಾನವಾಗಿ ಓದಿ, ಸಿಟ್ಟಿಲ್ಲ, ಸ್ನೇಹಾನೂ ಇಲ್ಲ, ಯಾವುದು ಚೆನ್ನಾಗಿದೆ ಯಾವುದು ಇಲ್ಲ ಅಂತ ಬಿಡಿಸಿ ಬರೆಯೋರು ಅವರೇ. ದೂರು ಯಾವುದರ ಬಗ್ಗೆ ಅಂತಾನೂ ಗಮನಿಸಿ, ಪಾರ್ಕಿಂಗ್ ಇಲ್ಲ, ಎಸಿ ಇಲ್ಲ, ಜಾಗ ಇಕ್ಕಟ್ಟು, ಸಪ್ಲೈಯರ್ ಜಾಸ್ತಿ ಮಾತಾಡಲ್ಲ ಅಂತೆಲ್ಲ ಇದ್ದು ಊಟದ ಬಗ್ಗೆ ದೂರೇ ಇಲ್ಲ ಅಂದ್ರೆ ಅದೇ ನಿಮ್ಮ ಹೋಟೆಲು. ಗಿರಾಕಿಗಳು ತೆಗೆದ ಫೋಟೋ ನೋಡಿ, ಹೋಟೆಲ್‌ನೋರು ಹಾಕಿದ್ದಲ್ಲ. ಬೇರೆ ಬೇರೆ ದಿನ ಬೇರೆಯವರು ತೆಗೆದ ಫೋಟೋದಲ್ಲಿ ಅಳತೆ ಒಂದೇ ಥರ ಇದೆ ಅಂದ್ರೆ ಅಡುಗೆಮನೆಯಲ್ಲಿ ಶಿಸ್ತಿದೆ. ಆದ್ರೂ ಆಪ್‌ಗಿಂತ ಮನುಷ್ಯರನ್ನ ಕೇಳೋದು ಒಳ್ಳೇದು, ಕೇಳೋ ರೀತಿ ಸರಿ ಇರ್ಬೇಕು. ಆಫೀಸಿನ ಸೆಕ್ಯೂರಿಟಿಯವರನ್ನ, ಕ್ಯಾಬ್ ಡ್ರೈವರನ್ನ "ಇಲ್ಲಿ ಒಳ್ಳೆ ಹೋಟೆಲ್ ಯಾವುದಣ್ಣ" ಅಂದ್ರೆ ನಿಮ್ಮನ್ನ ನೋಡಿ ದೊಡ್ಡ ಹೆಸರು ಹೇಳ್ತಾರೆ. "ನೀವು ಎಲ್ಲಿ ಊಟ ಮಾಡ್ತೀರಣ್ಣ" ಅಂತ ಕೇಳಿ. ಸಿಟಿಪೂರ್ತಿ ಓಡಾಡಿ ದಿನಾ ಹೊರಗೆ ತಿಂದು, ತಿಂದ್ಮೇಲೂ ಹುಷಾರಾಗಿ ಗಾಡಿ ಓಡಿಸ್ಬೇಕಾದೋರು ಅವರು.

ಡೆಲಿವರಿ ಆಪ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಆಪ್‌ನೋರು ಹೋಟೆಲಿಂದ ತಗೊಳ್ಳೋ ಕಮಿಷನ್ ಸಾಮಾನ್ಯವಾಗಿ ಆರ್ಡರಿನ ಶೇಕಡ 15ರಿಂದ 30. ಅದನ್ನ ಹೋಟೆಲ್‌ನೋರು ಎಲ್ಲಿಂದ ತರ್ತಾರೆ? ಬಹಳಷ್ಟು ಕಡೆ ಆಪಲ್ಲಿ ರೇಟೇ ಜಾಸ್ತಿ ಇರುತ್ತೆ, ಮೇಲೆ ಡೆಲಿವರಿ, ಪ್ಯಾಕಿಂಗ್ ಬೇರೆ. ಹೊರಗೆ ಹೋಗೋಕೆ ಆಗದ ದಿನ ಸರಿ, ದಿನದ ಅಭ್ಯಾಸ ಬೇಡ. ಹತ್ರದ ಹೋಟೆಲಿಗೆ ಫೋನ್ ಮಾಡಿ ಹೇಳಿ ಹೋಗಿ ಪಾರ್ಸೆಲ್ ತಂದ್ರೆ ದುಡ್ಡೂ ಉಳಿಯುತ್ತೆ, ಊಟಾನೂ ಬಿಸಿ ಇರುತ್ತೆ.

ಹೊಟ್ಟೆ ಕೆಡೋ ಭಯದ ಬಗ್ಗೆ. ಈ ಭಯ ಸರಿಯಾದದ್ದೇ, ಆದ್ರೆ ಅದನ್ನ ರೇಟಿಗೆ ಜೋಡಿಸ್ಬೇಡಿ. ಊಟ ಕೆಡೋದು ಟೈಮಿಂದ, ಶಾಖದಿಂದ, ನೀರಿಂದ, ಕೈಯಿಂದ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ನಿಯಮ ಸರಳ: ಬೇಯಿಸಿದ ಊಟ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರ್ದು, ಬಿಸಿ ಇಡೋದಾದ್ರೆ 60 ಡಿಗ್ರಿ ಮೇಲೆ, ಫ್ರಿಡ್ಜಲ್ಲಿ ಆದ್ರೆ 5 ಡಿಗ್ರಿ ಕೆಳಗೆ, ಬೇಯಿಸೋದು 70 ಡಿಗ್ರಿ ಮುಟ್ಟಬೇಕು. 5ಕ್ಕೂ 60ಕ್ಕೂ ಮಧ್ಯದ ಶಾಖದಲ್ಲೇ ಬ್ಯಾಕ್ಟೀರಿಯಾ ಬೇಗ ಬೆಳೆಯೋದು. ಈಗ ಯೋಚನೆ ಮಾಡಿ, ಗಂಟೆಗೆ ಐದು ಪಾತ್ರೆ ಖಾಲಿ ಆಗೋ ಗಲ್ಲಿ ಹೋಟೆಲಲ್ಲಿ ಅಡುಗೆಗೆ ಎರಡು ಗಂಟೆ ಕೂರೋಕೆ ಟೈಮೇ ಇಲ್ಲ. ದಿನಕ್ಕೆ ಹತ್ತು ಜನ ಬರೋ ತಂಪಾದ ದುಬಾರಿ ರೆಸ್ಟೋರೆಂಟಲ್ಲಿ ನಿಮ್ಮ ತಟ್ಟೆಗೆ ಬಂದಿದ್ದು ಯಾವಾಗಿಂದ ಕಾದಿತ್ತೋ. ಹಂಗಾಗಿ ಹೊಸ ಜಾಗ ಅಂದ್ರೆ ರಶ್ ಶುರು ಆಗೋ ಹೊತ್ತಿಗೆ ಹೋಗಿ, ಮೊದಲ ಸಲ ಬಿಸಿಬಿಸಿ ಕಣ್ಣೆದುರು ಆಗೋದನ್ನೇ ತಗೊಳ್ಳಿ, ಹೆಚ್ಚಿಟ್ಟ ಹಸಿ ತರಕಾರಿ, ಹಣ್ಣು, ನೀರು ಬೆರೆಸಿದ ಚಟ್ನಿ ಥರದ್ದು ಆ ಜಾಗ ಗೊತ್ತಾಗೋವರೆಗೂ ಬೇಡ. ದುಡ್ಡು ಮುಟ್ಟೋ ಕೈನೇ ಊಟಾನೂ ಮುಟ್ತಿದ್ಯಾ ನೋಡಿ. ಕೈ ತೊಳೆಯೋ ಜಾಗಕ್ಕೆ ಒಂದು ಸಲ ಹೋಗಿ ಬನ್ನಿ, ಅಲ್ಲಿ ಸೋಪು ನೀರು ಇಲ್ಲ ಅಂದ್ರೆ ಅಡುಗೆಯವರಿಗೂ ಇಲ್ಲ ಅಂತಾನೇ ಅರ್ಥ ಮಾಡ್ಕೊಳ್ಳಿ. ಕರಿಯೋ ಎಣ್ಣೆ ಕಪ್ಪಾಗಿ, ನೊರೆ ನೊರೆಯಾಗಿ, ಬೇಗ ಹೊಗೆ ಬರ್ತಿದ್ರೆ ಅಲ್ಲಿ ಕರಿದಿದ್ದು ಬೇಡ, ಉಳಿದಿದ್ದು ಚೆನ್ನಾಗಿದ್ರೂ.

ಇಷ್ಟೆಲ್ಲ ನೋಡಿ ಒಂದೆರಡು ಜಾಗ ಸಿಕ್ಕಿದ್ಮೇಲೆ ಹೊಸದು ಹುಡುಕೋದನ್ನ ಸ್ವಲ್ಪ ನಿಲ್ಲಿಸಿ, ಅಲ್ಲಿಗೇ ಹೋಗ್ತಿರಿ. ಈ ಮಾತು ನಾನು ಮನಸಾರೆ ಹೇಳ್ತಿದೀನಿ, ಹೊಸ ಸಿಟಿಲಿ ಒಬ್ಬರೇ ಇರೋರಿಗೆ ಇದು ಬರೀ ದುಡ್ಡಿನ ವಿಷಯ ಅಲ್ಲ. ವಾರಕ್ಕೆ ನಾಲ್ಕು ದಿನ ಒಂದೇ ಟೈಮಿಗೆ ಹೋದ್ರೆ ಸ್ವಲ್ಪ ದಿನದಲ್ಲೇ ಗಲ್ಲಾದಲ್ಲಿ ಕೂತೋರು ಮುಖ ನೋಡಿ ನಗ್ತಾರೆ, ಸಪ್ಲೈಯರ್ ಅಣ್ಣ ಬಗ್ಗಿ "ಅದು ಬೇಡ ಸರ್, ಬೆಳಿಗ್ಗೆದು, ಇದು ಈಗ ಆಗ್ತಿದೆ, ಎರಡು ನಿಮಿಷ ಕೂತ್ಕೊಳ್ಳಿ" ಅಂತ ಹೇಳ್ತಾರೆ. ಆ ಒಂದು ಮಾತು ಯಾವ ಆಪಲ್ಲೂ ಸಿಗಲ್ಲ. ಅವರ ಹೆಸರು ಕೇಳಿ, ಚೆನ್ನಾಗಿದ್ದಾಗ ಚೆನ್ನಾಗಿತ್ತು ಅಂತ ಅಡುಗೆಯವರಿಗೆ ಕೇಳೋ ಹಂಗೆ ಹೇಳಿ, ಚೆನ್ನಾಗಿಲ್ಲದಾಗ ಜನರ ಮುಂದೆ ಕೂಗದೆ ಹತ್ರ ಹೋಗಿ ಹೇಳಿ. ತಿಂಗಳ ಲೆಕ್ಕಕ್ಕೆ ಒಂದು ಹೊತ್ತಿನ ಊಟ ಫಿಕ್ಸ್ ಮಾಡ್ಕೊಡ್ತೀರಾ ಅಂತ ಕೇಳೋಕೂ ಆಮೇಲೆ ಸಂಕೋಚ ಇರಲ್ಲ. ಇಂತಿಷ್ಟು ಜನ ಖಂಡಿತ ಬರ್ತಾರೆ ಅಂತ ಗೊತ್ತಿದ್ರೆ ಅವರಿಗೆ ಸಾಮಾನು ತರೋದು ಸುಲಭ, ಅದಕ್ಕೆ ರೇಟಲ್ಲಿ ಸ್ವಲ್ಪ ಬಿಟ್ಕೊಡೋಕೆ ಎಷ್ಟೋ ಮಾಲೀಕರು ರೆಡಿ ಇರ್ತಾರೆ.

ಕೊನೇದು, ಫ್ರೆಂಡ್ಸ್ ಬಂದಾಗ ಎಲ್ಲಿಗೆ ಹೋಗೋದು. ದಿನದ ಊಟದ ಹೋಟೆಲಿಗೆ ಕರ್ಕೊಂಡು ಹೋದ್ರೆ ಹಿಂದೆ ಜನ ನಿಂತಿರ್ತಾರೆ, ಮಾತಾಡೋಕೆ ಆಗಲ್ಲ. ಇಲ್ಲಿ ಬೇರೆ ಥರ ಆರಿಸ್ಬೇಕು, ರುಚಿ ಜೊತೆ ಸದ್ದು ನೋಡ್ಬೇಕು. ಗದ್ದಲ ಜಾಸ್ತಿ ಇದ್ರೆ ಮಾತು ಕೇಳಲ್ಲ ಅಷ್ಟೇ ಅಲ್ಲ, ರುಚೀನೂ ಮಂಕಾಗುತ್ತೆ. ಜೋರು ಸದ್ದು ಕೇಳ್ತಾ ತಿಂದೋರಿಗೆ ಉಪ್ಪು, ಸಿಹಿ ಎರಡೂ ಕಮ್ಮಿ ಅನ್ಸಿದ್ದು 2011ರಲ್ಲಿ ಬ್ರಿಟನ್ನಿನಲ್ಲಿ ಮಾಡಿದ ಒಂದು ಪ್ರಯೋಗದಲ್ಲಿ ಕಂಡಿದೆ. ಗೋಡೆ ನೆಲ ಎಲ್ಲ ಗಾಜು, ಕಲ್ಲು, ಟೈಲ್ಸ್ ಆದ್ರೆ ಸದ್ದು ಪ್ರತಿಧ್ವನಿಸುತ್ತೆ, ಪರದೆ, ಮರ, ಗಿಡ, ತೆರೆದ ಅಂಗಳ ಇರೋ ಜಾಗ ಶಾಂತ. ಮ್ಯೂಸಿಕ್ ನಿಧಾನವಾಗಿರೋ ಜಾಗದಲ್ಲಿ ಜನ ಹೆಚ್ಚು ಹೊತ್ತು ಕೂರ್ತಾರೆ, ಕುಡಿಯೋಕೂ ಹೆಚ್ಚು ಖರ್ಚು ಮಾಡ್ತಾರೆ ಅಂತ ರೊನಾಲ್ಡ್ ಮಿಲಿಮನ್ 1986ರಲ್ಲೇ ತೋರಿಸಿದ್ರು, ಹಂಗಾಗಿ ಮಾತಿಗೆ ಅದು ಒಳ್ಳೇದು, ಬಿಲ್ ಮೇಲೆ ಮಾತ್ರ ಒಂದು ಕಣ್ಣಿರ್ಲಿ. ಒಳ್ಳೆ ರೆಸ್ಟೋರೆಂಟುಗಳನ್ನ ಆರಿಸಿ ಸ್ಟಾರ್ ಕೊಡೋ ಮಿಶೆಲಿನ್ ಗೈಡ್ ಅನ್ನೋ ಪಟ್ಟಿ ನಿಮ್ಮ ಸಿಟಿಗೆ ಬರೋದಾದ್ರೆ ಸ್ಟಾರ್ ಪಟ್ಟಿ ಬಿಟ್ಟು ಬಿಬ್ ಗೂರ್ಮಾಂಡ್ ಪಟ್ಟಿ ನೋಡಿ, ಒಳ್ಳೆ ಅಡುಗೆ ಹದವಾದ ಬೆಲೆಗೆ ಕೊಡೋ ಜಾಗಗಳಿಗೆ ಅಂತಾನೇ 1997ರಿಂದ ಆ ಗುರುತು ಕೊಡ್ತಿದಾರೆ, ಸ್ಟಾರ್ ಹೋಟೆಲಿಗೂ ಅದಕ್ಕೂ ಖರ್ಚಲ್ಲಿ ತುಂಬಾ ಅಂತರ.

ಐದಾರು ಜನ ಅಂದ್ರೆ ಮೊದ್ಲೇ ಫೋನ್ ಮಾಡಿ, ಮಧ್ಯಾಹ್ನದ ರಶ್ ಮುಗಿದು ಸಂಜೆ ಶುರು ಆಗೋ ಮುಂಚೆ ಅಡುಗೆಮನೆ ನಡೀತಿರುತ್ತಾ ಅಂತ ಕೇಳಿ, ಹೌದು ಅಂದ್ರೆ ಆ ಹೊತ್ತೇ ಬುಕ್ ಮಾಡಿ, ಯಾರೂ ಎಬ್ಬಿಸಲ್ಲ. ಸ್ಪೀಕರ್ ಕೆಳಗೆ, ಅಡುಗೆಮನೆ ಬಾಗಿಲ ಪಕ್ಕ ಬೇಡ, ಮೂಲೆ ಟೇಬಲ್ ಕೊಡಿ ಅನ್ನಿ. ಒಬ್ಬೊಬ್ಬರಿಗೆ ಒಂದೊಂದು ಅಂತ ಆರ್ಡರ್ ಮಾಡ್ಬೇಡಿ, ಆರು ಜನಕ್ಕೆ ನಾಲ್ಕು ಐಟಮ್ ತರಿಸಿ ಹಂಚ್ಕೊಂಡು ತಿನ್ನಿ, ಸಾಲದು ಅನ್ಸಿದ್ರೆ ಯಾವುದು ಎಲ್ಲರಿಗೂ ಇಷ್ಟ ಆಯ್ತೋ ಅದನ್ನೇ ಇನ್ನೊಂದು ತರಿಸಿ.